ಗಜಗಮನೆ ಗೇಟು ದಾಟಿದ್ದು

ಮಾವ ಮತ್ತು ಅಳಿಯ ಮಾತು ಬಿಟ್ಟಿದ್ದರು. ಇಬ್ಬರೂ ಒಂದೇ ಮನೆಯಲ್ಲಿ ಉಣ್ಣುವವರು, ಒಂದೇ ಯಾರ್ಡಿನಲ್ಲಿ ದುಡಿಯುವವರು, ಒಂದೇ ಬುಲ್ಡೋಜರಿನ ಕೆಳಗೆ ಎದುರುಬದುರಾಗಿ ಮಲಗಿ ಮೈಗೆಲ್ಲ ಗ್ರೀಸು ಮೆತ್ತಿಕೊಳ್ಳುವವರು. ಹೀಗಿರುವಾಗ ಮಾತು ಬಿಡುವುದು ಸುಲಭವಲ್ಲ. ಅದಕ್ಕಾಗಿ ದಿನವಿಡೀ ಶ್ರದ್ಧೆಯಿಂದ ದುಡಿಯಬೇಕಿತ್ತು.

ಯಾರ್ಡಿನವರೆಲ್ಲ ಗಜಗಮನೆ ಎಂದು ಕರೆಯುವ ಆ ಹಳೆಯ ಯಂತ್ರವನ್ನು ಮಾವ ಮೂವತ್ತು ವರ್ಷ ಓಡಿಸಿದ್ದ. ಅಡಿಭಾಗವೆಲ್ಲ ಸವೆದಿತ್ತು. ಫಿಟ್ಟರ್ ಆದ ಅಳಿಯ ಅಲ್ಲಿ ಇಲ್ಲಿ ತಟ್ಟಿ ನೋಡಿ, "ಇದು ಸವೆದಿದ್ದಲ್ಲ ಮಾವ, ನೀವು ಓಡಿಸಿ ತಿಂದಿದ್ದು," ಎಂದುಬಿಟ್ಟ. ಅವತ್ತಿನಿಂದ ಮೌನ.

ಯಾರ್ಡಿನ ಯಜಮಾನಿ ಹೆಚ್ಚು ಮಾತಿನವಳಲ್ಲ. "ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಜರಿ ಲಾರಿ ಬರುತ್ತೆ. ಅಷ್ಟರೊಳಗೆ ಅದು ತಾನಾಗಿ ಗೇಟು ದಾಟಿದ್ರೆ ಉಳೀತು. ಇಲ್ಲಾಂದ್ರೆ ಲಾರಿ ಹತ್ತುತ್ತೆ," ಎಂದಿದ್ದಳು. ಯಂತ್ರ ಹೋದರೆ ಮಾವನೂ ಮನೆಗೇ. ಹೊಸ ಯಂತ್ರಗಳಲ್ಲಿ ಬರೀ ಒತ್ತುವ ಗುಂಡಿಗಳು. ಅವುಗಳ ಮುಂದೆ ಕೂತರೆ ಆತನಿಗೆ ಬೇರೆಯವರ ಅಡುಗೆಮನೆಗೆ ನುಗ್ಗಿದಂತಾಗುತ್ತಿತ್ತು. ಅಪ್ಪ ಬೆಳಿಗ್ಗೆಯಿಂದ ಸಂಜೆತನಕ ಮನೆಯಲ್ಲಿ ಕೂರುವುದನ್ನು ನೆನೆದು ಮಗಳಿಗೂ ಎದೆ ಝಲ್ಲೆನ್ನುತ್ತಿತ್ತು.

ಅಳಿಯನ ಹೆಂಡತಿಯಾದ ಆ ಮಗಳು ಯಾರ್ಡಿನ ಉಗ್ರಾಣ ನೋಡಿಕೊಳ್ಳುವವಳು. ಈಗ ಹೆಚ್ಚುವರಿಯಾಗಿ ಟಪಾಲು ಇಲಾಖೆ.

"ದೊಡ್ಡ ಸ್ಪ್ಯಾನರ್ ಕೊಡೋಕೆ ಹೇಳಮ್ಮ ನಿನ್ನ ಗಂಡಂಗೆ," ಎಂದು ಬಲಗಡೆಯಿಂದ ಮಾವ.

"ಅದು ಅವರ ತಲೆ ಕೆಳಗೇ ಇದೆ ಅಂತ ಹೇಳು ನಿಮ್ಮಪ್ಪಂಗೆ," ಎಂದು ಎಡಗಡೆಯಿಂದ ಅಳಿಯ.

ಗುರುವಾರ ಮಧ್ಯಾಹ್ನ ಅವಳು ಮುಷ್ಕರ ಹೂಡಿದಳು. "ಇಬ್ಬರ ಮಧ್ಯೆ ಮೂರಡಿ ಜಾಗ ಇಲ್ಲ. ನಾನೇನು ನಿಮ್ಮ ಧ್ವನಿವರ್ಧಕಾನಾ? ಈ ಗಳಿಗೆಯಿಂದ ಟಪಾಲು ಬಂದ್!"

ಬಂದ್ ಆದ ದಿನವೇ ಮುಖ್ಯ ಕೆಲಸ ಬಂತು. ಬುಲ್ಡೋಜರಿನ ಕಾಲಿನ ಚೈನನ್ನು ಎಳೆಯುವುದು ಸ್ಪ್ರಾಕೆಟ್ ಎಂಬ ಹಲ್ಲಿನ ಚಕ್ರ, ಎಡಕ್ಕೊಂದು, ಬಲಕ್ಕೊಂದು. ಮೂವತ್ತು ವರ್ಷ ಮಣ್ಣನ್ನು ಮುಂದೆ ತಳ್ಳಿ ತಳ್ಳಿ ಪ್ರತಿ ಹಲ್ಲಿನ ಒಂದು ಮೈ ಕೊಕ್ಕೆಯಂತಾಗಿತ್ತು, ಇನ್ನೊಂದು ಮೈ ಏನೂ ಆಗದವರ ಹಾಗೆ ಗಟ್ಟಿಮುಟ್ಟಾಗಿತ್ತು. ಹೊಸ ಚಕ್ರ ಎಲ್ಲೂ ಸಿಗದು. ಹಳಬರ ಉಪಾಯವೆಂದರೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕುವುದು. ಆಗ ಸವೆಯದ ಮೈ ಕೆಲಸಕ್ಕಿಳಿಯುತ್ತದೆ.

ಗುರುವಾರ ಸಂಜೆ, ಮಾವ ಬೋಲ್ಟು ಹುಡುಕಲು ಪೇಟೆಗೆ ಹೋಗಿದ್ದಾಗ ಅಳಿಯ ಭಾರ ಎತ್ತುವ ಚೈನ್‌ ಬ್ಲಾಕ್ ಕಟ್ಟಿ ಎರಡೂ ಚಕ್ರ ಅದಲುಬದಲು ಮಾಡಿದ. ಹೇಳೋಣವೆಂದರೆ ಟಪಾಲು ಬಂದ್. ಶುಕ್ರವಾರ ಬೆಳಿಗ್ಗೆ, ಅಳಿಯ ಲೇತ್ ಅಂಗಡಿಗೆ ಹೋಗಿದ್ದಾಗ ಮಾವ ಅದೇ ಚೈನ್‌ ಬ್ಲಾಕ್ ಕಟ್ಟಿ ಎರಡನ್ನೂ ಅದಲುಬದಲು ಮಾಡಿದ. ಹಲ್ಲು ನೋಡಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಗ್ರೀಸಿನಡಿ ಏನೂ ಕಾಣುತ್ತಿರಲಿಲ್ಲ. ಮೇಲಾಗಿ, ಮೂವತ್ತು ವರ್ಷದಿಂದ ಬಲ್ಲವಳ ಹಲ್ಲನ್ನು ಯಾರು ಒರೆಸಿ ನೋಡುತ್ತಾರೆ? ಅಂದು ರಾತ್ರಿ ಇಬ್ಬರೂ ಯಂತ್ರವನ್ನು ಉಳಿಸಿದವನು ತಾನೇ ಎಂದುಕೊಂಡು ಹಾಯಾಗಿ ಗೊರಕೆ ಹೊಡೆದರು.

ಶನಿವಾರ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮಾವ ಸೀಟು ಹತ್ತಿದ. ಗುಜರಿ ಲಾರಿ ಆಗಲೇ ಗೇಟಿನಾಚೆ ಬಂದು ನಿಂತಿತ್ತು. ಗಜಗಮನೆ ಹೊಗೆ ಕಾರಿ, ಗುಡುಗಿ, ಎರಡು ಮಾರು ಮುಂದೆ ಬಂದಳು. ಟಕ್! ಎಡಗಡೆಯ ಚೈನು ಹಲ್ಲಿನ ಮೇಲಿಂದ ಜಾರಿತು. ಟಕ್, ಟಕ್! ಬಲಗಾಲು ಎಳೆಯಿತು, ಎಡಗಾಲು ಜಾರಿತು, ಯಂತ್ರ ಗಿರ್ರನೆ ಸುತ್ತತೊಡಗಿತು. ಮಾವನ ಕಣ್ಣ ಮುಂದೆ ಡೀಸೆಲ್ ಡ್ರಮ್ಮು, ಉಗ್ರಾಣದ ಬಾಗಿಲು, ಯಜಮಾನಿಯ ಮುಖ, ಮತ್ತೆ ಡೀಸೆಲ್ ಡ್ರಮ್ಮು. ನಿಲ್ಲಿಸಿದರೆ ಲಾರಿ, ನಿಲ್ಲಿಸದಿದ್ದರೆ ತಲೆಸುತ್ತು. ಆತ ತಲೆಸುತ್ತನ್ನೇ ಆರಿಸಿಕೊಂಡ.

"ಚಕ್ರ ಬದಲಾಯಿಸಿದೀನಲ್ಲೋ!" ಎಂದು ಸೀಟಿನಿಂದಲೇ ಕೂಗಿದ.

ಅಳಿಯ ಯಂತ್ರದತ್ತ ಓಡಿದ. "ನೀವೂ ಬದಲಾಯಿಸಿದ್ರಾ?"

"ನೀವೂ ಅಂದ್ರೆ?"

"ಗುರುವಾರವೇ ಮಾಡಿದ್ದೆ ಮಾವಾ!"

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ, ದೊಡ್ಡ ರೋಗ?"

"ಯಾರ ಕೈಲಿ ಹೇಳಿಸ್ಲಿ? ನಿಮ್ಮ ಮಗಳು ಬಂದ್ ಮಾಡಿದ್ಲಲ್ಲ!"

"ಓಹೋ, ನನ್ನ ತಲೆಗೆ ಕಟ್ತೀರಾ?" ಎಂದಳು ಮಗಳು. "ಮೊದಲು ನಿಮ್ಮಿಬ್ಬರ ನಾಲಿಗೆಗೆ ಗ್ರೀಸ್ ಹಚ್ಚಬೇಕಿತ್ತು!"

ಯಜಮಾನಿ ಗಡಿಯಾರ ನೋಡಿದಳು. ಇನ್ನು ಆರು ನಿಮಿಷ. ಅಳಿಯ ಯಂತ್ರದ ಸುತ್ತ ತಾನೂ ಓಡುತ್ತಿದ್ದ. ಓಡುತ್ತ ಓಡುತ್ತಲೇ ಹೊಳೆಯಿತು.

"ಮಾವಾ, ರಿವರ್ಸ್! ರಿವರ್ಸ್ ಹಾಕಿ! ಹಿಂದೆ ಹೋಗುವಾಗ ಹಲ್ಲಿನ ಆ ಕಡೆ ಮೈ ಎಳೆಯುತ್ತೆ, ಅದು ಸವೆದೇ ಇಲ್ಲ!"

ಸುತ್ತುವ ಯಂತ್ರ ಗೇಟಿಗೆ ಬೆನ್ನು ಕೊಟ್ಟ ಕ್ಷಣ ನೋಡಿ ಮಾವ ರಿವರ್ಸ್ ಹಾಕಿದ. ಟಕ್ ಟಕ್ ಸದ್ದು ನಿಂತಿತು. ಗಜಗಮನೆ, ದೊರೆಗೆ ಬೆನ್ನು ತೋರಿಸಲೊಲ್ಲದ ಆಸ್ಥಾನದ ಹೆಂಗಸಿನಂತೆ, ಯಜಮಾನಿಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಸರಿದು, ನೆಟ್ಟಗೆ ಗೇಟು ದಾಟಿದಳು.

"ಇದೇನು, ಹಿಂದುಮುಂದಾಗಿ ಹೋಗ್ತಿದೆ?" ಎಂದಳು ಯಜಮಾನಿ.

"ಗೇಟು ದಾಟಬೇಕು ಅಂದ್ರಿ ಅಮ್ಮಾ," ಎಂದಳು ಮಗಳು. "ಮುಖ ಎತ್ತ ಇರಬೇಕು ಅಂತ ಹೇಳಿರ್ಲಿಲ್ಲ."

ಯಜಮಾನಿ ತುಟಿ ಕಚ್ಚಿ ಹಿಡಿದ ನಗು ಮೂಗಿನಿಂದ ಹೊರಬಿತ್ತು. "ಸರಿ, ಉಳೀತು. ಸೋಮವಾರ ಚಕ್ರ ಬದಲಾಯಿಸೋಕೆ ಹೇಳು. ಒಂದೇ ಸಲ."

ಗುಜರಿ ಲಾರಿಯವನು ತಲೆ ಕೆರೆದುಕೊಂಡ. "ಹಾಗಾದ್ರೆ ನಾನೀಗ ಏನು ಹೇರ್ಕೊಂಡು ಹೋಗ್ಲಿ?"

"ಅದಿರ್ಲಿ, ಮೊದಲು ಲಾರಿ ಪಕ್ಕಕ್ಕೆ ತೆಗಿ," ಎಂದಳು ಯಜಮಾನಿ. "ಅವನು ಹಿಂದೆ ನೋಡ್ತಿಲ್ಲ, ಅಳಿಯನ್ನ ಬೈತಿದ್ದಾನೆ."