ಹನ್ನೆರಡರ ಮೇಲಿನ ಮಹಡಿ

ಮಧ್ಯಾಹ್ನ ಮೂರೂವರೆಗೆ, ಹದಿನೈದು ಮಣಿ ಎಣಿಸಿ ಕೊಡು ಎಂದರೆ, ಒಂದನೇ ತರಗತಿಯ ಹುಡುಗಿಯೊಬ್ಬಳು ಹದಿನಾಲ್ಕು ಕೊಟ್ಟಳು. ಹಿಂದಿನ ದಿನವೂ ಹಾಗೇ ಆಗಿತ್ತು. ಅದಕ್ಕೇ ಟೀಚರ್ ಅವಳ ಅಪ್ಪನನ್ನು ಕರೆಸಿದ್ದರು.

ಅಪ್ಪ ಒಂದು ಎತ್ತರದ ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುವವನು. ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ ಮುದುರಿ ಕೂತು ಕೇಳಿಸಿಕೊಂಡ. ಎಲ್ಲರ ಜೊತೆ ರಾಗವಾಗಿ ಹೇಳುವಾಗ ಮಗಳು ತಪ್ಪುವುದಿಲ್ಲ. ಒಬ್ಬಳೇ ಎಣಿಸಿದರೆ ಮಾತ್ರ ಹನ್ನೆರಡಾದ ಮೇಲೆ ನೇರ ಹದಿನಾಲ್ಕು. ನಾಳೆ ಬೆಳಿಗ್ಗೆ ಕೊನೆಯ ಸಲ ನೋಡುತ್ತೇನೆ ಎಂದರು ಟೀಚರ್. ಇಪ್ಪತ್ತರವರೆಗೆ ಸರಿಯಾಗಿ ಎಣಿಸಿದರೆ ಎರಡನೇ ತರಗತಿ, ಇಲ್ಲದಿದ್ದರೆ ಇನ್ನೊಂದು ವರ್ಷ ಇದೇ ಬೆಂಚು.

"ಹದಿಮೂರು ಎಲ್ಲಿ ಹೋಯ್ತಮ್ಮ ಅಂತ ಕೇಳಿದೆ. 'ಅಲ್ಲಿ ನಿಲ್ಲಲ್ಲ ಟೀಚರ್' ಅಂದ್ಲು. ನಂಗೆ ತಲೆಬುಡ ತಿಳೀಲಿಲ್ಲ."

ಅಪ್ಪನಿಗೆ ತಿಳಿಯಿತು, ಕಿವಿ ಬಿಸಿಯಾಯಿತು. ಅವನ ಲಿಫ್ಟಿನಲ್ಲಿ ಹನ್ನೆರಡರ ಗುಂಡಿಯ ಮೇಲೆ ಇರುವುದು ಹದಿನಾಲ್ಕರ ಗುಂಡಿ. ಕಟ್ಟಿಸಿದವರಿಗೆ ನಡುವಿನ ಆ ಸಂಖ್ಯೆ ಅಪಶಕುನ ಅನ್ನಿಸಿತ್ತಂತೆ, ಬಿಟ್ಟುಬಿಟ್ಟಿದ್ದರು. ಹೆಂಡತಿಯ ಕೆಲಸ ಮುಗಿಯುವವರೆಗೆ ಮಗಳು ಲಿಫ್ಟಿನೊಳಗಿನ ಸ್ಟೂಲಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ಎಣಿಸುವುದನ್ನು ಅವನೇ ಅಲ್ಲಿ ಕಲಿಸಿದ್ದ. ವರ್ಷಗಟ್ಟಲೆ ಅದೇ ಗುಂಡಿಗಳನ್ನು ಒತ್ತಿದ್ದವನಿಗೆ, ಅಲ್ಲಿ ಒಂದು ಇಲ್ಲ ಎಂಬುದೇ ಮರೆತುಹೋಗಿತ್ತು.

ವಿಷಯ ಕೇಳಿ ಟೀಚರ್ ನಕ್ಕರು. ಆಮೇಲೆ, ಪರೀಕ್ಷೆಗೆ ಕಟ್ಟಡ ಬರುವುದಿಲ್ಲವಲ್ಲ, ಮಗುವೇ ಬರಬೇಕು ಎಂದರು.

ಸಂಜೆ ಲಿಫ್ಟ್ ಎಂದಿನಂತೆ ಮೇಲೇರಿತು. ಬಾಗಿಲು ತೆರೆದಾಗಲೆಲ್ಲ ಒಂದೊಂದು ಲೋಕ ಇಣುಕುತ್ತಿತ್ತು. ಮೂರರಲ್ಲಿ ಅಂಟಿನ ವಾಸನೆ. ಏಳರಲ್ಲಿ ಗಾಜಿನ ತೊಟ್ಟಿಯೊಳಗೆ ಒಂದು ಬಿಳಿ ಮೀನು, ಯಾರನ್ನೋ ಕಾಯುವ ಹಾಗೆ ನಿಂತಲ್ಲೇ ನಿಂತಿತ್ತು. ಹನ್ನೊಂದರಲ್ಲಿ ಖಾಲಿ ಕುರ್ಚಿಗಳ ಮೇಲೆ ಇಳಿಬಿಸಿಲು ಮಲಗಿತ್ತು.

"ಏನೇ ಬಟನ್, ಎಷ್ಟಕ್ಕೆ ಬಂದ್ವಿ?" ಎಂದು ಹಲ್ಲಿನ ಡಾಕ್ಟರು ಕೇಳಿದರು. ಲಿಫ್ಟಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಹಾಗೆಯೇ.

"ಹದಿನಾಲ್ಕು," ಎಂದಳು ಹುಡುಗಿ. ಡಾಕ್ಟರು ಶಹಬ್ಬಾಸ್ ಹೇಳಿ, ಅಲ್ಲೇ ಇದ್ದ ತಮ್ಮ ಕ್ಲಿನಿಕ್ಕಿಗೆ ಇಳಿದರು. ಅಪ್ಪನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಲಿಫ್ಟ್ ಖಾಲಿಯಾದಾಗ ಅವನು ನಿಜ ಹೇಳಿದ. ಕಟ್ಟಿಸಿದವರು ಹೆದರಿದ್ದು, ಗುಂಡಿ ಬಿಟ್ಟಿದ್ದು, ತಾನು ಗಮನಿಸದೇ ಕಲಿಸಿದ್ದು. ಹದಿಮೂರು ಇದೆ ಮಗಳೇ, ಇಲ್ಲಿ ಬರೆದಿಲ್ಲ ಅಷ್ಟೆ ಎಂದ. ಅವಳು ಒಪ್ಪಲಿಲ್ಲ. ಇದ್ದರೆ ಬಾಗಿಲು ತೆರೀಬೇಕಿತ್ತಲ್ಲ ಎಂದು ಪಟ್ಟು ಹಿಡಿದಳು. ಅಪ್ಪ ಲಿಫ್ಟಿನಲ್ಲಿ ಯಾವ ಸಂಖ್ಯೆ ಹೇಳಿದರೂ ಈವರೆಗೆ ಬಾಗಿಲು ತೆರೆದು ಆ ಮಹಡಿ ಕಾಣಿಸಿತ್ತು; ಇದೊಂದಕ್ಕೆ ತೆರೆದಿರಲಿಲ್ಲ.

ಪಾಳಿ ಮುಗಿದ ಮೇಲೆ ಅವನು ಅವಳ ಕೈಗೆ ಒಂದು ಸೀಮೆಸುಣ್ಣ ಕೊಟ್ಟು ಮೆಟ್ಟಿಲ ಕಡೆ ಕರೆದುಕೊಂಡು ಹೋದ. ಸಂಖ್ಯೆಯ ಫಲಕ ನೋಡಬೇಡ, ಮಹಡಿ ಬಂದಾಗಲೆಲ್ಲ ಕೆಳಗಿನದಕ್ಕಿಂತ ಒಂದು ಗೆರೆ ಹೆಚ್ಚು ಹಾಕಿ, ಎಷ್ಟನೆಯದು ಅಂತ ಹೇಳು, ಅಷ್ಟೇ ಎಂದ. ಮೊದಲ ಮಹಡಿಯಲ್ಲಿ ಒಂದು ಗೆರೆ. ಎರಡನೆಯದರಲ್ಲಿ ಎರಡು. ಆರರ ಹೊತ್ತಿಗೆ ಕಾಲು ಸೋತವು. ಅಪ್ಪ ಬೆನ್ನ ಮೇಲೆ ಹೊತ್ತುಕೊಂಡ. ಕಿಟಕಿಗಳಾಚೆ ಬೀದಿದೀಪಗಳು ಕೆಳಕೆಳಗೆ ಹೋಗುತ್ತಿದ್ದವು. ಅವಳಿಗೆ ತಾವು ಏರುತ್ತಿಲ್ಲ, ಊರೇ ನಿಧಾನವಾಗಿ ಮುಳುಗುತ್ತಿದೆ ಅನ್ನಿಸಿತು; ಹಾಗೆಂದು ಅವನ ಕಿವಿಯಲ್ಲಿ ಹೇಳಿದಳು.

ಹನ್ನೆರಡನೆಯದರಲ್ಲಿ ಹನ್ನೆರಡು ಗೆರೆ ಎಳೆದರು. ಮುಂದಿನ ಮಹಡಿಯಲ್ಲಿ ಅವಳು ಇಳಿದು, ಗೋಡೆಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದೊಂದಾಗಿ ಗೆರೆ ಎಳೆದಳು. ಕೊನೆಯ ಗೆರೆ ಎಳೆದ ಮೇಲೆ ಬೆರಳಿಟ್ಟು, ತರಗತಿಯಲ್ಲಿ ಎಲ್ಲರ ಜೊತೆ ಹೇಳುವ ರಾಗದಲ್ಲೇ ಎಲ್ಲವನ್ನೂ ಮತ್ತೆ ಎಣಿಸಿದಳು; ಹದಿಮೂರಕ್ಕೆ ಮುಗಿಯಿತು. ತಲೆಯೆತ್ತಿ ಫಲಕ ನೋಡಿದಳು. ಹದಿನಾಲ್ಕು ಎಂದು ಹಿತ್ತಾಳೆಯ ಅಕ್ಷರದಲ್ಲಿ ಹೊಳೆಯುತ್ತಿತ್ತು.

"ಅಪ್ಪಾ, ಡಾಕ್ಟರು ಹದಿಮೂರರಲ್ಲಿದ್ದಾರೆ ಅಂತ ಅವರಿಗೆ ಗೊತ್ತಾ?"

"ಇಲ್ಲ ಅನ್ಸುತ್ತೆ."

"ಪಾಪ. ಹೇಳ್ಬೇಕಲ್ವಾ?"

"ಮೊದಲು ನಿಮ್ಮ ಟೀಚರಿಗೆ ಹೇಳು."

ಕಾರಿಡಾರಿನ ದೀಪ ಆರಿತ್ತು. ಡಾಕ್ಟರ ಬಾಗಿಲಿನ ಗಾಜಿನಲ್ಲಿ ಊರಿನ ಬೆಳಕು ನೀರಿನ ಹಾಗೆ ಅಲುಗುತ್ತಿತ್ತು. ಇಷ್ಟು ದಿನ ಇಲ್ಲದೇ ಇದ್ದ ಮಹಡಿಯನ್ನು ಹುಡುಗಿ ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಬಂದಳು.

ಬೆಳಿಗ್ಗೆ ಅಪ್ಪ ತರಗತಿಯ ಬಾಗಿಲಲ್ಲಿ ನಿಂತ. ಟೀಚರ್ ಮಣಿಗಳನ್ನು ಮೇಜಿನ ಮೇಲೆ ಸುರಿದು ಇಪ್ಪತ್ತು ಕೊಡು ಎಂದರು. ಹುಡುಗಿ ಎಣಿಸುತ್ತಾ ಹೋದಳು. ಹನ್ನೆರಡು ಆದ ಮೇಲೆ ಕೈ ನಿಂತಿತು. ಅವನ ಬೆರಳು ಬಾಗಿಲ ಚೌಕಟ್ಟನ್ನು ತಾನಾಗಿಯೇ ಒತ್ತಿತು. ಅವಳು ಯಾರ ಕಡೆಗೂ ನೋಡದೆ ಒಂದು ಮಣಿ ಎತ್ತಿ, ಉಳಿದವಕ್ಕಿಂತ ಮೆಲ್ಲಗೆ ಇಟ್ಟು, "ಹದಿಮೂರು," ಎಂದಳು. ಆಮೇಲೆ ಎಲ್ಲೂ ತಡೆಯಲಿಲ್ಲ.

ಟೀಚರ್ ತಾವೂ ಒಮ್ಮೆ ಎಣಿಸಿದರು. ಇಪ್ಪತ್ತಿತ್ತು.

ರಜೆ ಮುಗಿದು ಶಾಲೆ ತೆರೆದ ದಿನ ಅವಳನ್ನು ಎರಡನೇ ತರಗತಿಯಲ್ಲಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿದರು.