ಮೂವತ್ತೊಂದು ಮಂದಿಗೆ ಒಂದೇ ನಂಬರು

ಹುಬ್ಬಳ್ಳಿಯಲ್ಲಿ ನೀಲಿಮಾಗೆ ಹೆಸರು ಹಿಡಿದು ಗೊತ್ತಿದ್ದವರು ಎರಡು ಸಾವಿರದ ನಾಲ್ಕುನೂರು ಜನ. ಅವರಲ್ಲಿ ಒಬ್ಬರನ್ನೂ ಅವಳು ರಸ್ತೆಯಲ್ಲಿ ಮಾತಾಡಿಸುವಂತಿರಲಿಲ್ಲ. ಎಚ್.ಐ.ವಿ. ಚಿಕಿತ್ಸಾ ಕೇಂದ್ರದಲ್ಲಿ ದಾಖಲೆ ನೋಡಿಕೊಳ್ಳುವ ಕೆಲಸವೆಂದರೆ ಹಾಗೇ. ಹೊರಗೆ ಸಿಕ್ಕ ರೋಗಿ ತಾನಾಗಿ ನಕ್ಕರೆ ನಗಬೇಕು, ಇಲ್ಲದಿದ್ದರೆ ಗುರುತೇ ಇಲ್ಲದವರಂತೆ ಹೋಗುತ್ತಿರಬೇಕು. ಹನ್ನೊಂದು ವರ್ಷದಲ್ಲಿ ತಾನಾಗಿ ನಕ್ಕವರು ಯಾರಿದ್ದಾರೆ ಹೇಳಿ? ದುರ್ಗದಬೈಲಿನಲ್ಲಿ ಪಕ್ಕಕ್ಕೇ ನಿಂತು ಕಾಯಿಪಲ್ಯೆ ಕೊಳ್ಳುವವನ ರಕ್ತದ ವರದಿ ಇವಳಿಗೆ ಬಾಯಿಪಾಠ. ಅವನೋ ಇವಳನ್ನು ಕಂಡದ್ದೇ ತಡ, ಜನ್ಮದಲ್ಲಿ ನೋಡಿಲ್ಲವೆಂಬಂತೆ ಬದನೆಕಾಯಿ ಆರಿಸತೊಡಗುತ್ತಿದ್ದ. ಚರ್ಚಿನಲ್ಲಿ ಅವಳ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಂದು ಕುಟುಂಬವಂತೂ, ಅವರಲ್ಲೊಬ್ಬರು ಕೇಂದ್ರಕ್ಕೆ ಬರತೊಡಗಿದ ಮೇಲೆ, ಬೇರೆ ಚರ್ಚನ್ನೇ ಹಿಡಿಯಿತು. ಅವಳದೇನು ತಪ್ಪು? ಏನೂ ಇಲ್ಲ. ಆದರೂ ಆ ಖಾಲಿ ಬೆಂಚಿನ ಕಡೆ ಅವಳು ತಿರುಗಿ ನೋಡುವುದನ್ನೇ ಬಿಟ್ಟಳು.

ಉಣಕಲ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಅವಳೊಬ್ಬಳೇ. ಯಾರಾದರೂ ಬಂದರೂ ಅವರೆದುರು ಹೇಳಿಕೊಳ್ಳುವಂಥ ಮಾತು ಅವಳಲ್ಲಿ ಒಂದೂ ಇರಲಿಲ್ಲ. ದಿನವಿಡೀ ಕೇಳಿದ್ದೆಲ್ಲ ಗುಟ್ಟು.

ಈ ವರ್ಷ ಫೆಬ್ರವರಿಯಲ್ಲಿ ಕೇಂದ್ರಕ್ಕೆ ಹೊಸ ಸಾಫ್ಟ್‌ವೇರ್ ಬಂತು. ಹಳೆಯದನ್ನು ಮಾಡಿಕೊಟ್ಟು ನೀಲಿಮಾಳ ಸಂಬಳವನ್ನೂ ಕೊಡುತ್ತಿದ್ದ ವಿದೇಶಿ ಸಂಸ್ಥೆ ಮಾರ್ಚ್ ಕೊನೆಗೆ ಕೈ ತೊಳೆದುಕೊಳ್ಳುವುದಿತ್ತು, ಅದರ ಜೊತೆಗೆ ನೀಲಿಮಾಳ ಕೆಲಸವೂ ಮುಗಿಯುವುದಿತ್ತು. ದಾಖಲೆಗಳನ್ನು ಹಳೆಯದರಿಂದ ಹೊಸದಕ್ಕೆ ದಾಟಿಸಲು ಬೆಂಗಳೂರಿನ ಕಚೇರಿಯಿಂದ ವಿಜಯೀಂದ್ರ ಎಂಬ ಅಧಿಕಾರಿ ಬಂದ. ಮೂಲತಃ ಧಾರವಾಡದವನೇ, ಮೆತ್ತಗಿನ ಮಾತಿನವನು. ಎರಡನೇ ದಿನ ಮಧ್ಯಾಹ್ನ ಕಂಪ್ಯೂಟರಿನಿಂದ ತಲೆಯೆತ್ತಿ ಕೇಳಿದ.

"ನೀಲಿಮಾ ಮೇಡಂ, ಈ ಮೂವತ್ತೊಂದು ಮಂದಿ ಎಲ್ಲಾ ಒಬ್ಬರೇ ಏನ್ರಿ? ಎಲ್ಲಾರ ಮುಂದೂ ಒಂದೇ ಫೋನ್ ನಂಬರ್ ಅದ. ಸಾಫ್ಟ್‌ವೇರ್ ತಗೊಳ್ಳವಲ್ದು."

"ಒಬ್ಬರಲ್ರೀ ಸರ್," ಎಂದಳು ನೀಲಿಮಾ. "ಅದು ನನ್ನ ನಂಬರು."

ಅವರೆಲ್ಲ ಹೆಂಗಸರು. ಕೈಯಲ್ಲಿ ಸ್ವಂತ ಫೋನಿಲ್ಲ, ಇದ್ದರೂ ಅದನ್ನು ಮನೆಯವರು ಎತ್ತುತ್ತಾರೆ. 'ನಿಮ್ಮ ನಂಬರ ಬರಕೋರಿ ಅಕ್ಕಾರ' ಎಂದು ಮೊದಲು ಒಬ್ಬಳು ಅಂದಳು, ಆಮೇಲೆ ಇನ್ನೊಬ್ಬಳು. ಔಷಧದ ದಿನ ಬಂತೆಂದು ನೆನಪಿಸುವ ಮೆಸೇಜೆಲ್ಲ ನೀಲಿಮಾಳ ಮೊಬೈಲಿಗೇ ಬರುತ್ತಿತ್ತು. ಅವಳು ಒಬ್ಬೊಬ್ಬರಿಗೆ ಒಂದೊಂದು ದಾರಿಯಿಂದ ಸುದ್ದಿ ಮುಟ್ಟಿಸುತ್ತಿದ್ದಳು. ಹಳೇ ಹುಬ್ಬಳ್ಳಿಯ ಹುಸೇನಬಿಯದು ಬಾಬುಸಾಬನ ಹಿಟ್ಟಿನ ಗಿರಣಿಯ ಫೋನು. 'ಹುಸೇನಬಿಗೆ ಹೇಳ್ರಿ, ಟೇಲರ್ ಫೋನ್ ಮಾಡಿದ್ಲು, ಜಂಪರ್ ತಯಾರಾಗೇತಿ' ಎಂದು ರವಿಕೆಯ ನೆಪ ಹೇಳಿದರೆ ಸಾಕು, ಮರುದಿನ ಮುದುಕಿ ಕೇಂದ್ರದಲ್ಲಿ ಹಾಜರು. ಈ ದಾರಿಗಳನ್ನು ಎಲ್ಲೂ ಬರೆದಿಡುವುದಿಲ್ಲವೆಂದು ನೀಲಿಮಾ ಮೂವತ್ತೊಂದು ಜನಕ್ಕೂ ಮಾತು ಕೊಟ್ಟಿದ್ದಳು.

ವಿಜಯೀಂದ್ರ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ಮಾಡಿದ್ದು ಛಲೋ ಕೆಲಸ, ಖರೇ. ಆದರ ಮೇಡಂ, ಏಪ್ರಿಲ್‌ನಾಗ ನೀವು ಇರೂದಿಲ್ಲ. ಆಮ್ಯಾಲೆ ಇವರು ತಪ್ಪಿಸಿದ್ರ ಹುಡುಕವರು ಯಾರು? ಮಾರ್ಚ್ ಮುಗಿಯೂದರಾಗ ಅವರನ್ನ ಕೇಳಿ, ಅವರು ಹೂಂ ಅಂದ ನಂಬರ್ ಹಾಕ್ರಿ."

ಅಲ್ಲಪ್ಪಾ, ಹನ್ನೊಂದು ವರ್ಷ ಒಂದು ರಜೆಯನ್ನೂ ನೆಮ್ಮದಿಯಿಂದ ಕಳೆಯದೆ ದುಡಿದವಳಿಗೆ ಇದೇನಾ ಹೇಳುವ ಮಾತು, ಎಂದು ನೀಲಿಮಾಗೆ ಸಿಟ್ಟು ಬಂತು. ಅವನು ಹೇಳಿದ್ದು ಸರಿ ಎಂದು ಗೊತ್ತಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮಾರ್ಚ್‌ನಲ್ಲಿ ಔಷಧಕ್ಕೆ ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿದಳು. ಒಬ್ಬಳು ತಂಗಿಯ ನಂಬರು ಕೊಟ್ಟಳು, ಒಬ್ಬಳು ಮಗಳ ಶಾಲೆಯ ಟೀಚರದು. ಇಬ್ಬರು ಅತ್ತರು. ಮೂವತ್ತು ಜನರದು ಮುಗಿಯಿತು. ಹುಸೇನಬಿ ಬರಲಿಲ್ಲ. ಐದನೇ ತಾರೀಖಿಗೆ ಬರಬೇಕಿದ್ದವಳು ಇಪ್ಪತ್ತೆಂಟಾದರೂ ಪತ್ತೆಯಿಲ್ಲ. ಗಿರಣಿಯ ಫೋನು ಬಡಿದುಕೊಂಡೇ ಬಡಿದುಕೊಂಡಿತು, ಎತ್ತುವವರಿಲ್ಲ. ದಾಖಲೆಯಲ್ಲಿದ್ದ ವಿಳಾಸ ಸುಳ್ಳು ಎಂಬುದೂ ನೀಲಿಮಾಗೆ ಗೊತ್ತಿತ್ತು. ದಿನಾ ನುಂಗಬೇಕಾದ ಗುಳಿಗೆ ಇಷ್ಟು ದಿನ ತಪ್ಪಿದರೆ ಒಳಗೆ ಅಡಗಿದ ರೋಗ ಮತ್ತೆ ಏಳುತ್ತದೆ. ಮೂರು ದಿನ ಕಳೆದರೆ ಹುಸೇನಬಿಯನ್ನು ಹುಡುಕಬಲ್ಲವರು ಈ ಭೂಮಿಯ ಮೇಲೆ ಯಾರೂ ಇರುವುದಿಲ್ಲ.

ರವಿವಾರ ಚರ್ಚ್ ಮುಗಿಸಿ ಹಳೇ ಹುಬ್ಬಳ್ಳಿಗೆ ನಡೆದಳು. ಟೇಲರ್ ಎಂದು ಹೇಳಿಕೊಂಡು ಬರಿಗೈಲಿ ಹೋಗುವುದು ಹೇಗೆ? ತನ್ನದೇ ಒಂದು ಹೊಸ ಜಂಪರ್ ಚೀಲದಲ್ಲಿ ಹಾಕಿಕೊಂಡಿದ್ದಳು. ಗಿರಣಿಗೆ ಬೀಗ. ಬಾಬುಸಾಬ ಮಗಳ ಊರಿಗೆ ಹೋಗಿ ತಿಂಗಳಾಯಿತೆಂದು ಪಕ್ಕದಂಗಡಿಯವರು ಹೇಳಿ, ಹುಸೇನಬಿಯ ಮನೆ ಕೇಳಿದ್ದಕ್ಕೆ ಓಣಿಯೊಳಗಿನ ಹಸಿರು ಬಾಗಿಲು ತೋರಿಸಿದರು.

ಬಾಗಿಲು ತೆರೆದವಳು ಸೊಸೆ ಮೀರಾಬಿ. ಹಿಂದೆ, ಮಂಚದ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಹುಸೇನಬಿ ಒರಗಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಿದ್ದಳಂತೆ.

"ನಾ ಟೇಲರ್ರಿ. ಚಾಚಿದು ಜಂಪರ್ ತಂದೇನಿ."

ಮೀರಾಬಿ ಅದನ್ನು ಬಿಡಿಸಿ ಹಿಡಿದಳು. "ಇದು ನಮ್ಮ ಅಮ್ಮನ ಒಂದ ತೋಳಿಗೂ ಆಗಂಗಿಲ್ಲಲ್ರಿ!"

ಹುಸೇನಬಿ ಗೋಡೆಯ ಕಡೆ ಮುಖ ತಿರುಗಿಸಿದಳು. "ಯಾರೋ ಏನೋ, ನನಗ ಗುರ್ತಿಲ್ಲ. ಮನಿ ತಪ್ಪಿ ಬಂದಾರ, ಕಳಸು."

ಅಷ್ಟಾದ ಮೇಲೆ ನಿಲ್ಲುವಂತಿರಲಿಲ್ಲ. ಮನೆ ತಪ್ಪಿತೆಂದು ಹೇಳಿ ನೀಲಿಮಾ ಹೊರಬಿದ್ದಳು. ಓಣಿಯ ತಿರುವಿನಲ್ಲಿ ಮೀರಾಬಿ ಓಡಿಬಂದು ಅವಳ ರಟ್ಟೆ ಹಿಡಿದಳು.

"ಹನ್ನೊಂದು ವರ್ಷಾತ್ರಿ ಟೇಲರ್ ಫೋನ್ ಬರಾಕತ್ತಿ. ಒಂದ ಜಂಪರ್ ಮನಿಗೆ ಬಂದಿಲ್ಲ. ನನಗೇನು ತಲಿ ಇಲ್ಲೇನ್ರಿ?" ಅವಳಿಗೆ ಏದುಸಿರು. "ಅಕ್ಕಿ ಡಬ್ಬಿಯಾಗ ಗುಳಿಗಿ ಇಟ್ಟಿರ್ತಾಳ. ನಾಕು ವರ್ಷದ ಹಿಂದ ನೋಡಿ ತಿಳಕೊಂಡೆ. ನನಗ ಗೊತ್ತಾತಂದ್ರ ಆಕಿ ಮನಿ ಬಿಟ್ಟು ಹೋಗ್ತಾಳ ಅಂತ ಬಾಯಿ ಬಿಟ್ಟಿಲ್ಲ. ಈಗ ಡಬ್ಬಿ ಖಾಲಿ ಐತಿ. ಕರಕೊಂಡು ಹೋಗ್ತೇನಿ ಅನ್ನಾಕೂ ಬರಂಗಿಲ್ಲ, ಸುಮ್ನಿರಾಕೂ ಬರಂಗಿಲ್ಲ. ನನ್ನ ನಂಬರ್ ಬರಕೋರಿ."

ನೀಲಿಮಾ ಪೆನ್ನು ತೆಗೆದಳು. ತೆಗೆದವಳು ಮತ್ತೆ ಚೀಲಕ್ಕೆ ಹಾಕಿದಳು.

"ಚಾಚಿ ಹೂಂ ಅನ್ನದ ನಾ ಬರಕೊಳ್ಳಂಗಿಲ್ಲವಾ. ಅವರ ವಿಷಯ ನನ್ನ ಬಾಯಿಂದ ಬರಂಗೂ ಇಲ್ಲ. ಹೇಳೂದಾದ್ರ ನೀನ ಹೇಳಬೇಕು."

ಮೀರಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಹಂಗಾರ ನಡೀರಿ. ನೀವು ಬಾಜೂಕ ಕುಂದರ್ರಿ."

ಒಳಗೆ ಬಂದವಳೇ ಮಂಚದ ಮುಂದೆ ನೆಲದ ಮೇಲೆ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಅಮ್ಮಾ, ನಾಳೆ ದವಾಖಾನಿಗೆ ಹೋಗೂಣು. ಅಕ್ಕಿ ಡಬ್ಬಿಯಾಗಿನ ಗುಳಿಗಿ ಮುಗದಾವು."

ಹುಸೇನಬಿ ಸೊಸೆಯನ್ನು ನೋಡಲಿಲ್ಲ. ನೀಲಿಮಾಳನ್ನು ನೋಡಿದಳು. "ಹೇಳಿದಿ? ನಿನ್ನ ನಂಬಿದ್ನಲ್ಲ ನಾ!"

ನೀಲಿಮಾ ಉತ್ತರಿಸುವ ಮೊದಲೇ ಮೀರಾಬಿ ಅಡ್ಡ ಬಂದಳು.

"ಅವರು ಹೇಳಿಲ್ಲಮ್ಮಾ. ನನಗ ನಾಕು ವರ್ಷದಿಂದ ಗೊತ್ತೈತಿ."

"ನಾಕು ವರ್ಷ?" ಮುದುಕಿ ಈಗ ಸೊಸೆಯ ಕಡೆ ತಿರುಗಿದಳು. "ಎಲ್ಲಾ ಗೊತ್ತಿದ್ದೂ ನನ್ನ ಕೈಯಾನ ರೊಟ್ಟಿ ತಿಂದೀಯೇನು ನೀ?"

"ತಿಂದೇನ್ರಿ. ನೀವ ತಾಟ ಬ್ಯಾರೆ ಮಾಡಕೊಂಡು ಮೂಲ್ಯಾಗ ಕುಂತ್ರಿ. ನಮ್ಮ ಸಂಗಾಟ ಕುಂತು ತಿನ್ನಾಕ ನೀವ ಬರಲಿಲ್ಲ."

ಹುಸೇನಬಿ ಗೋಳೋ ಎಂದು ಅತ್ತಳು. ಮೀರಾಬಿ ಎದ್ದು ಮಂಚದ ಮೇಲೆ ಕೂತು ಅವಳ ತಲೆಯನ್ನು ಎದೆಗಾನಿಸಿಕೊಂಡಳು. ಅಳು ನಿಂತ ಮೇಲೆ ಮುದುಕಿ ನೀಲಿಮಾಳ ಕಡೆ ಕೈ ಚಾಚಿ, "ತಪ್ಪು ತಿಳಕೊಂಡೆ ಬೇಟಾ. ಈಕಿ ನಂಬರ ಬರಕೋ," ಎಂದಳು. ನೀಲಿಮಾ ಬರೆದುಕೊಂಡಳು.

"ಇನ್ನ ನೀ ಫೋನ್ ಮಾಡೂದಿಲ್ಲೇನು?"

"ಇಲ್ಲ ಚಾಚಿ. ಇನ್ನ ಆಫೀಸಿನಿಂದ ಇವರಿಗೇ ಬರತೈತಿ."

ಉಂಡು ಹೋಗೆಂದು ಇಬ್ಬರೂ ಅಂದರು. ಕೂರಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ಅತ್ತೆ ಸೊಸೆಗೆ ಈಗ ಮಾತಾಡುವುದು ನಾಲ್ಕು ವರ್ಷದ್ದಿತ್ತು, ನಡುವೆ ಮೂರನೆಯವಳೇಕೆ? ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದಳು.

ಉಣಕಲ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಹೆಬ್ಬಳ್ಳಿ ಕಡೆಯ ಹೆಂಗಸು ತನ್ನ ಬುಟ್ಟಿಯನ್ನು ಸರಿಸಿ ಹತ್ತಿರ ಬಾಗಿದಳು.

"ಯಾಕವಾ, ನಿಮ್ಮ ಮಂದಿಯೊಳಗ ಯಾರರ ತೀರಕೊಂಡ್ರೇನು?"

"ಇಲ್ರೀ," ಎಂದಳು ನೀಲಿಮಾ, ಕಣ್ಣೊರೆಸಿಕೊಳ್ಳುತ್ತ. "ಎಲ್ಲಾರೂ ಅದಾರ್ರಿ. ಅವರಿಗೆ ಇನ್ನ ನಾ ಬೇಕಾಗಿಲ್ಲ, ಅಷ್ಟ."