ಚಳಿ ಕೇಳುವ ಡಬ್ಬಿ

ಶೆಫೀಲ್ಡಿನ ಗ್ಲೆನಿಸ್ ಕೈಯಾರೆ ಮಾಡಿದ ಫಜ್ ಪೆಡಲ್ ಮೂರನೇ ಸಲ ವಾಪಸು ಬಂದಿತ್ತು. ಬಾಸ್ ಗಿಟಾರಿನ ದನಿಯನ್ನು ಕರಡಿಯಂತೆ ಗುರುಗುಟ್ಟಿಸಬೇಕಾದ ಡಬ್ಬಿ ಅದು.

"ಎರಡು ಹಾಡು ಗುಡುಗುತ್ತೆ, ಮೂರನೇದಕ್ಕೆ ಮುದುಕನ ಕೆಮ್ಮು! ಶನಿವಾರ ಪಬ್ಬಿನ ಶೋನಲ್ಲೂ ಹೀಗೇ ಆದ್ರೆ ಬೇರೆ ಯಾರದ್ದಾದ್ರೂ ಡಬ್ಬಿ ಕೊಳ್ತೀನಿ ಕಣೇ," ಎಂದ ಬಾಸ್ ನುಡಿಸುವ ಹಳೆಯ ಗೆಳೆಯ ರಾಯ್‌ಸ್ಟನ್.

ಗ್ಲೆನಿಸ್‌ಗೆ ಆ ಮಾತು ನಾಟಿತು. ಪೆಡಲನ್ನು ಜೋಡಿಸಿ ನುಡಿಸಿದಳು. ಕಿಟಕಿಯ ಗಾಜು ನಡುಗಿತು; ಮೂರನೇ ಹಾಡಿಗೂ ಕೆಮ್ಮು ಬರಲಿಲ್ಲ. ಹೀಟರ್ ಕೆಟ್ಟ ಅವಳ ಕೆಲಸದ ಕೋಣೆಯಲ್ಲಿ ಚಳಿಗೆ ಇಬ್ಬರೂ ಕೋಟು ಬಿಚ್ಚಿರಲಿಲ್ಲ. ಅವಳು ತನ್ನ ಕೋಟನ್ನೊಮ್ಮೆ ನೋಡಿಕೊಂಡಳು.

"ಸ್ಟೇಜಲ್ಲಿ ಇದನ್ನ ಎಲ್ಲಿಡ್ತೀಯೋ?"

"ಒಂದ್ಸಲ ಆನ್ ಮಾಡಿ ಆಂಪ್ಲಿಫೈಯರ್ ಮೇಲೆ ರಾಜನ ಹಾಗೆ ಕೂರಿಸ್ತೀನಿ. ನೀನು ಮಾಡಿದ್ದನ್ನ ಕಾಲಲ್ಲಿ ತುಳೀಲಾ?"

"ಅಯ್ಯೋ ಪೆದ್ದಾ! ನಿನ್ನ ವಾಲ್ವ್ ಆಂಪ್ ಒಲೆ ಥರ ಕಾಯುತ್ತೆ. ಇದರೊಳಗಿರೋದು ಹಳೇ ಜರ್ಮೇನಿಯಂ ಟ್ರಾನ್ಸಿಸ್ಟರು, ಬಿಸಿ ತಡೆಯಲ್ಲ, ಕಾದ್ರೆ ದನಿ ಕೆಡುತ್ತೆ. ನೆಲಕ್ಕಿಡು, ಧಾರಾಳವಾಗಿ ತುಳಿ."

ಶನಿವಾರ ಮಧ್ಯಾಹ್ನ ಪಬ್ಬಿನಲ್ಲಿ ಡಬ್ಬಿ ತಣ್ಣನೆಯ ಕಲ್ಲುನೆಲದ ಮೇಲಿತ್ತು. ಮೂರನೇ ಹಾಡು ಶುರುವಾದಾಗ ಗ್ಲೆನಿಸ್ ಮುಂದೆ ಬಾಗಿ ಕಿವಿಗೊಟ್ಟಳು. ಕರಡಿ ಗುರುಗುಟ್ಟಿತು. ಹನ್ನೆರಡನೇ ಹಾಡಿಗೂ ಅದರ ಗಂಟಲು ಕಟ್ಟಲಿಲ್ಲ.

"ನಿನ್ನ ಹೀಟರ್ ಮಾತ್ರ ರಿಪೇರಿ ಮಾಡಿಸ್ಬೇಡ!" ಎಂದು ರಾಯ್‌ಸ್ಟನ್ ಮೈಕಿನಲ್ಲೇ ಕೂಗಿದ. ಗ್ಲೆನಿಸ್ ನಗುತ್ತಾ ಬಿಯರ್ ಲೋಟವನ್ನು ಅವನತ್ತ ಎತ್ತಿ ಹಿಡಿದಳು.